ನಕ್ಷೆಯನ್ನು ಎಲ್ಲಿ ಸೋಸಬಹುದು? ಕೊಂಡಿಸ್ಥಿತಿ ಮಾರ್ಗನಿರ್ಣಯದ ಒಂದು ಪಾಠ

ಪೀಠಿಕೆ

ಅಂತರಜಾಲದ ಪಾಠವನ್ನು ಬೋಧಿಸುವಾಗ ನಾವೆಲ್ಲರೂ ಹೇಳುವ ಒಂದು ವಾಕ್ಯವಿದೆ: ಮಾಹಿತಿಯ ಪ್ಯಾಕೆಟ್‌ಗಳಿಗೆ ರೂಟರ್ ದಾರಿ ತೋರಿಸುತ್ತದೆ. ವಾಕ್ಯವೇನೋ ಸರಿಯಾದುದೇ. ಆದರೆ ಚುರುಕಾದ ವಿದ್ಯಾರ್ಥಿಯೊಬ್ಬಳು ಎದ್ದು ನಿಂತು, “ರೂಟರಿಗೆ ದಾರಿ ಹೇಳಿಕೊಟ್ಟವರು ಯಾರು?” ಎಂದು ಕೇಳಿದರೆ ಪಾಠವು ಅಲ್ಲಿಗೇ ನಿಂತುಬಿಡುವುದುಂಟು. ಆ ಪ್ರಶ್ನೆಗೆ ಉತ್ತರಿಸಿದ ಬಳಿಕ ಇನ್ನೊಂದು ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ: “ಎಲ್ಲ ದಾರಿಗಳನ್ನೂ ಎಲ್ಲರಿಗೂ ಹೇಳಲೇಬೇಕೇ? ಕೆಲವನ್ನು ಹೇಳದೆ ತಡೆದರೆ ಏನಾಗುತ್ತದೆ?”

ಈ ಎರಡನೆಯ ಪ್ರಶ್ನೆಯೇ ಪ್ರಸ್ತುತ ಲೇಖನದ ವಿಷಯ. ಜಾಲ ನಿರ್ವಾಹಕರು ಇದನ್ನು ಮಾರ್ಗಪ್ರಕಟಣೆಗಳ ಸೋಸುವಿಕೆ ಎಂದು ಕರೆಯಬಹುದು. ಕೊಂಡಿಸ್ಥಿತಿ ಎಂಬ ವಿಧಾನವನ್ನು ಅನುಸರಿಸುವ ಜಾಲಗಳಲ್ಲಿ ಈ ಸೋಸುವಿಕೆಯನ್ನು ಎಲ್ಲಿ ಬೇಕಾದರೂ ಮಾಡುವಂತಿಲ್ಲ. ಅದಕ್ಕೆ ನಿಶ್ಚಿತವಾದ ಸ್ಥಳವಿದೆ. ಆ ಸ್ಥಳ ಯಾವುದು, ಅದು ಅಲ್ಲಿಯೇ ಏಕೆ ಇರಬೇಕು ಎಂಬುದನ್ನು ಐವರು ಮಕ್ಕಳು ಮತ್ತು ಕೆಲವು ಕಾಗದದ ಚೀಟಿಗಳ ನೆರವಿನಿಂದ ಪ್ರೌಢಶಾಲೆಯ ತರಗತಿಯಲ್ಲಿ ತಿಳಿಸಲು ಸಾಧ್ಯವಿದೆ. ಕಾಸರಗೋಡಿನ ಶಾಲೆಯ ಪಠ್ಯಕ್ರಮ ಬೇರೆ, ಅಕ್ಕಲಕೋಟೆಯದು ಬೇರೆ, ತಾಳವಾಡಿಯದು ಬೇರೆ. ಆದುದರಿಂದ ಇಲ್ಲಿ ಯಾವ ಒಂದು ಪಠ್ಯಪುಸ್ತಕವನ್ನೂ ಅನುಸರಿಸಿಲ್ಲ. ಗಣಕ ಜಾಲದ ಪಾಠ ಬರುವ ಯಾವ ತರಗತಿಯಲ್ಲಾದರೂ ಇದನ್ನು ಪೂರಕವಾಗಿ ಬಳಸಬಹುದು.

ಕೇಳಿದ ಮಾತು ಮತ್ತು ಬರೆದ ನಕ್ಷೆ

ರೂಟರ್‌ಗಳು ಪರಸ್ಪರ ದಾರಿಯ ವಿಷಯವನ್ನು ತಿಳಿಸಿಕೊಳ್ಳುವಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ.

ಮೊದಲನೆಯದು ಕೇಳಿದ ಮಾತನ್ನು ನಂಬುವ ಬಗೆ. ಪರಸ್ಥಳದವರೊಬ್ಬರು ಬಂದು, ಜಾತ್ರೆಯ ಬಯಲಿಗೆ ಎಷ್ಟು ದೂರ ಎಂದು ಕೇಳುತ್ತಾರೆ. ನಮಗೆ ದಾರಿ ಗೊತ್ತಿಲ್ಲ. ಆದರೆ ಪಕ್ಕದ ಮನೆಯವರು “ನಮ್ಮಲ್ಲಿಂದ ಮೂರು ಮೈಲಿ” ಎಂದು ಹೇಳಿದ್ದುಂಟು. ನಾವು ಅದಕ್ಕೆ ಒಂದನ್ನು ಕೂಡಿಸಿ “ನಾಲ್ಕು ಮೈಲಿ, ಪಕ್ಕದ ಮನೆಯ ಕಡೆಯಿಂದ ಹೋಗಿ” ಎನ್ನುತ್ತೇವೆ. ಪಕ್ಕದ ಮನೆಯವರಿಗೂ ಅದನ್ನು ಮತ್ತೊಬ್ಬರು ಹೇಳಿರಬಹುದು. ಇಲ್ಲಿ ಯಾರ ಬಳಿಯೂ ಪೂರ್ತಿ ನಕ್ಷೆಯಿಲ್ಲ. ಇದಕ್ಕೆ ದೂರಸದಿಶ ವಿಧಾನವೆಂದು ಹೆಸರು, ಏಕೆಂದರೆ ಪ್ರತಿಯೊಬ್ಬರಿಗೂ ತಿಳಿದಿರುವುದು ಎಷ್ಟು ದೂರ ಮತ್ತು ಯಾವ ದಿಕ್ಕು ಎಂಬೆರಡು ಮಾತ್ರ. 1988ರಲ್ಲಿ ಲಿಖಿತ ರೂಪ ಪಡೆದ ಆರ್‌ಐಪಿ ಎಂಬ ನಿಯಮಾವಳಿ ಈ ಬಗೆಯದು. ಅದರಲ್ಲಿ ರೂಟರ್‌ಗಳು 30 ಸೆಕೆಂಡಿಗೊಮ್ಮೆ ತಮ್ಮ ಪಟ್ಟಿಯನ್ನು ನೆರೆಯವರಿಗೆ ಹೇಳುತ್ತವೆ. 15 ನೆಗೆತಗಳಿಗಿಂತ ದೂರವಿರುವುದನ್ನು ತಲುಪಲಾಗದ ಸ್ಥಳವೆಂದೇ ಎಣಿಸುತ್ತವೆ.

ಎರಡನೆಯದು ಕೊಂಡಿಸ್ಥಿತಿ ವಿಧಾನ. ಇಲ್ಲಿ ಯಾರೂ ದೂರದ ಊರಿನ ವಿಷಯವನ್ನು ಹೇಳುವುದಿಲ್ಲ. ಪ್ರತಿಯೊಂದು ರೂಟರ್ ತನ್ನ ಕಣ್ಣಿಗೆ ಕಾಣುವುದನ್ನಷ್ಟೇ ಬರೆಯುತ್ತದೆ: ನಾನು ಇಂಥವನು, ನನ್ನ ನೆರೆಯವರು ಇಂಥಿಂಥವರು, ಅವರಿಗೂ ನನಗೂ ನಡುವಿನ ಕೊಂಡಿಯ ವೆಚ್ಚ ಇಷ್ಟು. ಈ ಸಣ್ಣ ಬರಹಕ್ಕೆ ಕೊಂಡಿಸ್ಥಿತಿ ಪ್ರಕಟಣೆ ಎಂದು ಹೆಸರು. ಅದನ್ನು ನೆರೆಯ ರೂಟರ್ ತಾನು ಇಟ್ಟುಕೊಳ್ಳುವುದಲ್ಲದೆ, ಒಂದಕ್ಷರವನ್ನೂ ಬದಲಿಸದೆ ಮುಂದಿನವರಿಗೆ ದಾಟಿಸುತ್ತದೆ. ಊರಿನಲ್ಲಿ ಡಂಗುರ ಸಾರಿದಂತೆ ಎಲ್ಲರ ಪ್ರಕಟಣೆಯೂ ಎಲ್ಲರಿಗೂ ತಲುಪುತ್ತದೆ. ಎಲ್ಲ ಚೀಟಿಗಳನ್ನು ಜೋಡಿಸಿದಾಗ ಪ್ರತಿಯೊಬ್ಬರ ಬಳಿಯೂ ಇಡೀ ಜಾಲದ ಒಂದೇ ನಕ್ಷೆ ಸಿದ್ಧವಾಗುತ್ತದೆ. ಬಳಿಕ ಪ್ರತಿಯೊಂದು ರೂಟರ್ ಆ ನಕ್ಷೆಯ ಮೇಲೆ ತನ್ನಿಂದ ಪ್ರತಿ ಸ್ಥಳಕ್ಕೂ ಇರುವ ಅತಿ ಕಡಿಮೆ ವೆಚ್ಚದ ದಾರಿಯನ್ನು ತಾನೇ ಲೆಕ್ಕ ಹಾಕಿಕೊಂಡು ಮಾರ್ಗಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ.

ಶಿಕ್ಷಕರು ಇಲ್ಲಿ ಒತ್ತಿ ಹೇಳಬೇಕಾದ ಅಂಶವೊಂದಿದೆ. ಮೊದಲನೆಯ ವಿಧಾನದಲ್ಲಿ ಹಂಚಿಕೊಳ್ಳುವುದು ತೀರ್ಮಾನವನ್ನು. ಎರಡನೆಯದರಲ್ಲಿ ಹಂಚಿಕೊಳ್ಳುವುದು ಆಧಾರವನ್ನು. ತೀರ್ಮಾನವನ್ನು ಪ್ರತಿಯೊಬ್ಬರೂ ತಾವೇ ಮಾಡಿಕೊಳ್ಳುತ್ತಾರೆ. ಮುಂದಿನ ಚರ್ಚೆಯೆಲ್ಲವೂ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ.

ಈ ವಿಧಾನ ಬೆಳೆದು ಬಂದ ಬಗೆ

ನಕ್ಷೆಯ ಮೇಲೆ ಅತಿ ಹ್ರಸ್ವ ದಾರಿಯನ್ನು ಕಂಡುಹಿಡಿಯುವ ಲೆಕ್ಕವು ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಅವರದು. 1956ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕಾಫಿ ಅಂಗಡಿಯೊಂದರಲ್ಲಿ ಕುಳಿತು, ಕಾಗದ ಲೇಖನಿಗಳಿಲ್ಲದೆ, ಸುಮಾರು 20 ನಿಮಿಷಗಳಲ್ಲಿ ಅದನ್ನು ಯೋಚಿಸಿದುದಾಗಿ ಅವರೇ ಮುಂದೆ ಹೇಳಿದ್ದಾರೆ. ಹೊಸ ಗಣಕಯಂತ್ರವೊಂದರ ಸಾಮರ್ಥ್ಯವನ್ನು ಸಾಮಾನ್ಯ ಜನರಿಗೆ ತೋರಿಸುವುದಕ್ಕಾಗಿ ನೆದರ್ಲೆಂಡ್ಸಿನ 64 ಊರುಗಳ ನಕ್ಷೆಯನ್ನು ಅವರು ಆಯ್ದುಕೊಂಡಿದ್ದರು. ಲೆಕ್ಕವು 1959ರಲ್ಲಿ ಪ್ರಕಟವಾಯಿತು. ಗಣಿತ ಶಿಕ್ಷಕರು ಇದನ್ನು ಬೇರೆಯೇ ಪಾಠವಾಗಿ ಮಾಡಬಹುದು.

ಇಂದಿನ ಅಂತರಜಾಲದ ಪೂರ್ವಜವಾದ ಅಮೆರಿಕದ ಅರ್ಪಾನೆಟ್ ಮೊದಲು ದೂರಸದಿಶ ವಿಧಾನವನ್ನು ಬಳಸುತ್ತಿತ್ತು. 1970ರ ದಶಕದ ಕೊನೆಯಲ್ಲಿ ಕೊಂಡಿಸ್ಥಿತಿ ವಿಧಾನಕ್ಕೆ ಬದಲಾಯಿತು. ಇಂದು ಸಂಸ್ಥೆಗಳ ಒಳಜಾಲಗಳಲ್ಲಿ ಹೆಚ್ಚಾಗಿ ಕಾಣುವ ಓಎಸ್‌ಪಿಎಫ್ ಎಂಬ ನಿಯಮಾವಳಿ 1989ರಲ್ಲಿ ಮೊದಲು ಪ್ರಕಟವಾಯಿತು. ಅದರ ಎರಡನೆಯ ಆವೃತ್ತಿ 1991ರಲ್ಲಿ ಬಂದಿತು; ಇಂದಿಗೂ ಆಧಾರವಾಗಿರುವ ಪರಿಷ್ಕೃತ ಪಾಠವನ್ನು ಜಾನ್ ಮಾಯ್ ಅವರು 1998ರಲ್ಲಿ ಆರ್‌ಎಫ್‌ಸಿ 2328 ಎಂಬ ಸಂಖ್ಯೆಯಲ್ಲಿ ಹೊರತಂದರು. ಓಎಸ್‌ಪಿಎಫ್ ಎಂಬುದು “ಮುಕ್ತ, ಅತಿ ಹ್ರಸ್ವ ದಾರಿಗೆ ಮೊದಲ ಸ್ಥಾನ” ಎಂಬರ್ಥದ ಹೆಸರಿನ ಮೊದಲಕ್ಷರಗಳು. ಮುಕ್ತ ಎಂದರೆ ಯಾವ ಕಂಪನಿಯ ಸ್ವತ್ತೂ ಅಲ್ಲದ, ಯಾರು ಬೇಕಾದರೂ ಅನುಸರಿಸಬಹುದಾದ ನಿಯಮವೆಂದರ್ಥ.

ಪ್ರಕಟಣೆ ಕೆಟ್ಟರೆ ಆಗುವ ಅನಾಹುತ

ಪ್ರಕಟಣೆಗಳ ಶುದ್ಧಿ ಎಷ್ಟು ಮುಖ್ಯ ಎಂಬುದಕ್ಕೆ ಇತಿಹಾಸದಲ್ಲಿಯೇ ನಿದರ್ಶನವಿದೆ. 1980ರ ಅಕ್ಟೋಬರ್ 27ರಂದು ಅರ್ಪಾನೆಟ್ ಹಲವು ಗಂಟೆಗಳ ಕಾಲ ಕೆಲಸಕ್ಕೆ ಬಾರದಂತಾಯಿತು. ಇದರ ಕಾರಣವನ್ನು ಎರಿಕ್ ರೋಸೆನ್ ಎಂಬ ತಂತ್ರಜ್ಞರು ಮರುವರ್ಷ ವಿವರವಾಗಿ ಬರೆದಿಟ್ಟಿದ್ದಾರೆ.

ಹಳೆಯ ಪ್ರಕಟಣೆ ಯಾವುದು, ಹೊಸದು ಯಾವುದು ಎಂದು ತಿಳಿಯಲು ಪ್ರತಿಯೊಂದಕ್ಕೂ ಕ್ರಮಸಂಖ್ಯೆಯನ್ನು ಕೊಡುವುದು ಪದ್ಧತಿ. ಅರ್ಪಾನೆಟ್‌ನಲ್ಲಿ ಈ ಸಂಖ್ಯೆಗೆ ಆರು ಬಿಟ್‌ಗಳ ಸ್ಥಳವಿತ್ತು. ಆದುದರಿಂದ ಎಣಿಕೆ 0ಯಿಂದ 63ರವರೆಗೆ ನಡೆದು, ಗಡಿಯಾರದ ಮುಳ್ಳಿನಂತೆ ಮತ್ತೆ 0ಗೆ ತಿರುಗುತ್ತಿತ್ತು. ಯಂತ್ರದ ದೋಷದಿಂದ ಒಂದೇ ರೂಟರಿನ ಪ್ರಕಟಣೆಯ ಮೂರು ಪ್ರತಿಗಳು ಏಕಕಾಲಕ್ಕೆ ಜಾಲದಲ್ಲಿ ಉಳಿದುಬಿಟ್ಟವು. ಅವುಗಳ ಕ್ರಮಸಂಖ್ಯೆ 8, 40 ಮತ್ತು 44. ದ್ವಿಮಾನ ಪದ್ಧತಿಯಲ್ಲಿ ಬರೆದರೆ 44 ಎಂಬುದು 101100. ಅದರಲ್ಲಿ ಒಂದು ಬಿಟ್ ಅಳಿದರೆ 101000, ಅಂದರೆ 40. ಇನ್ನೊಂದು ಅಳಿದರೆ 001000, ಅಂದರೆ 8. ಈಗ ಚಕ್ರದ ಎಣಿಕೆಯ ಪ್ರಕಾರ 40 ಎಂಬುದು 8ಕ್ಕಿಂತ ಹೊಸದು, 44 ಎಂಬುದು 40ಕ್ಕಿಂತ ಹೊಸದು, ಮತ್ತೆ 8 ಎಂಬುದು 44ಕ್ಕಿಂತ ಹೊಸದು! ಪ್ರತಿಯೊಂದು ರೂಟರೂ ಒಂದನ್ನು ಬಿಟ್ಟು ಇನ್ನೊಂದನ್ನು “ಇದೇ ಹೊಸದು” ಎಂದು ಸ್ವೀಕರಿಸಿ ಮುಂದಕ್ಕೆ ಕಳುಹಿಸುತ್ತ ಹೋಯಿತು. ಈ ಕೊನೆಯಿಲ್ಲದ ಕೆಲಸದಲ್ಲಿ ಜಾಲದ ಶಕ್ತಿಯೆಲ್ಲ ವ್ಯಯವಾಯಿತು.

ಓಎಸ್‌ಪಿಎಫ್ ರೂಪಿಸಿದವರು ಇಂತಹ ಪಾಠಗಳನ್ನು ಮನಗಂಡಿದ್ದರು. ಅದರ ಕ್ರಮಸಂಖ್ಯೆ 32 ಬಿಟ್‌ಗಳದು. ಅದು ಚಕ್ರದಂತೆ ತಿರುಗದೆ ನೇರವಾಗಿ ಏರುತ್ತ ಹೋಗುತ್ತದೆ. ಬರಹ ಕೆಟ್ಟಿದೆಯೇ ಎಂದು ಪರೀಕ್ಷಿಸುವ ತಾಳೆಮೊತ್ತವಿದೆ. ಪ್ರತಿಯೊಂದು ಪ್ರಕಟಣೆಗೂ ವಯಸ್ಸಿನ ಲೆಕ್ಕವಿದೆ: ಬರೆದ ರೂಟರ್ 1800 ಸೆಕೆಂಡಿಗೊಮ್ಮೆ ಅದನ್ನು ನವೀಕರಿಸುತ್ತದೆ, ನವೀಕರಣವಿಲ್ಲದೆ 3600 ಸೆಕೆಂಡುಗಳು ಕಳೆದರೆ ಎಲ್ಲರೂ ಅದನ್ನು ತೆಗೆದುಹಾಕುತ್ತಾರೆ. ಎಲ್ಲರ ಬಳಿಯೂ ಒಂದೇ ನಕ್ಷೆ ಇರಬೇಕೆಂಬುದೇ ಈ ಎಲ್ಲ ಎಚ್ಚರಿಕೆಗಳ ಗುರಿ.

ಸೋಸುವ ಅಗತ್ಯ ಏಕೆ ಬರುತ್ತದೆ?

ಎಲ್ಲವನ್ನೂ ಎಲ್ಲರಿಗೂ ಹೇಳುವುದು ಸಣ್ಣ ಜಾಲದಲ್ಲಿ ಚೆನ್ನಾಗಿ ನಡೆಯುತ್ತದೆ. ಜಾಲ ಬೆಳೆದಂತೆ ತೊಂದರೆಗಳು ಕಾಣಿಸಿಕೊಳ್ಳುತ್ತವೆ. ನೂರಾರು ರೂಟರ್‌ಗಳ ನಕ್ಷೆಯನ್ನು ಇಟ್ಟುಕೊಳ್ಳಲು ಹೆಚ್ಚು ಸ್ಮೃತಿ ಬೇಕು. ದೂರದ ಮೂಲೆಯಲ್ಲಿ ಒಂದು ಕೊಂಡಿ ಕಡಿದರೂ ಎಲ್ಲರೂ ಲೆಕ್ಕವನ್ನು ಮತ್ತೆ ಮಾಡಬೇಕಾಗುತ್ತದೆ. ಪರೀಕ್ಷಾರ್ಥ ಸ್ಥಾಪಿಸಿದ ಜಾಲ, ಉಪಕರಣಗಳ ನಿರ್ವಹಣೆಗೆ ಮೀಸಲಾದ ಜಾಲ ಮುಂತಾದವುಗಳ ದಾರಿಯನ್ನು ಬೇರೆ ವಿಭಾಗಗಳಿಗೆ ತಿಳಿಸುವ ಆವಶ್ಯಕತೆಯೇ ಇರುವುದಿಲ್ಲ. ಎರಡು ಸಂಸ್ಥೆಗಳ ಜಾಲಗಳು ಕೂಡಿದಾಗ ಒಂದರ ವಿಳಾಸಗಳು ಇನ್ನೊಂದರಲ್ಲಿ ಗೊಂದಲವನ್ನುಂಟುಮಾಡಬಹುದು.

ಕೇಳಿದ ಮಾತಿನ ವಿಧಾನದಲ್ಲಿ ಇದಕ್ಕೆ ಪರಿಹಾರ ಸುಲಭ. ಹೇಳಬೇಡವೆಂದರೆ ಆಯಿತು. ನಾನು ಹೇಳದಿದ್ದರೆ ಪಕ್ಕದವರಿಗೆ ತಿಳಿಯದು. ಅವರಿಗೆ ತಿಳಿಯದಿದ್ದರೆ ಅವರ ಪಕ್ಕದವರಿಗೂ ತಿಳಿಯದು. ಕೊಂಡಿಸ್ಥಿತಿ ವಿಧಾನದಲ್ಲಿಯೂ ಹೀಗೆಯೇ ಮಾಡಬಹುದೆಂದು ಮೊದಲ ನೋಟಕ್ಕೆ ತೋರುತ್ತದೆ. ಅದು ಏಕೆ ಸಾಧ್ಯವಿಲ್ಲ ಎಂಬುದನ್ನು ಒಂದು ಸಣ್ಣ ಜಾಲದ ಮೇಲೆ ಪರೀಕ್ಷಿಸೋಣ.

ಐದು ರೂಟರ್‌ಗಳ ಉದಾಹರಣೆ

ಕಪ್ಪುಹಲಗೆಯ ಮೇಲೆ ಒಂದು ಉಂಗುರವನ್ನು ಬರೆದು, ಅದರ ಮೇಲೆ ಕ, ಖ, ಗ, ಘ, ಚ ಎಂಬ ಐದು ರೂಟರ್‌ಗಳನ್ನು ಕ್ರಮವಾಗಿ ಗುರುತಿಸಬೇಕು. ಕ–ಖ, ಖ–ಗ, ಗ–ಘ ಕೊಂಡಿಗಳ ವೆಚ್ಚ ತಲಾ 1. ಘ–ಚ ಮತ್ತು ಚ–ಕ ಕೊಂಡಿಗಳು ನಿಧಾನವಾದವು. ಅವುಗಳ ವೆಚ್ಚ ತಲಾ 5. ಘ ರೂಟರಿಗೆ ಗ್ರಂಥಾಲಯದ ಜಾಲ ಸೇರಿದೆ ಎಂದಿಟ್ಟುಕೊಳ್ಳೋಣ.

ಎಲ್ಲರ ನಕ್ಷೆಯೂ ಸರಿಯಾಗಿರುವಾಗ ಕ ರೂಟರಿನಿಂದ ಘ ರೂಟರಿಗೆ ಎರಡು ದಾರಿಗಳಿವೆ. ಖ ಮತ್ತು ಗ ಮೂಲಕ ಹೋದರೆ ವೆಚ್ಚ 3. ಚ ಮೂಲಕ ಹೋದರೆ 10. ಆದುದರಿಂದ ಕ ತನ್ನ ಪ್ಯಾಕೆಟ್ ಅನ್ನು ಖ ಕಡೆಗೆ ಕಳುಹಿಸುತ್ತದೆ. ಖ ಅದನ್ನು ಗ ಕಡೆಗೆ, ಗ ಅದನ್ನು ಘ ಕಡೆಗೆ ದಾಟಿಸುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ಪ್ಯಾಕೆಟ್ ಮೇಲೆ ದಾರಿಯನ್ನು ಬರೆದಿರುವುದಿಲ್ಲ, ತಲುಪಬೇಕಾದ ವಿಳಾಸವನ್ನು ಮಾತ್ರ ಬರೆದಿರುತ್ತದೆ. ಪ್ರತಿ ಹೆಜ್ಜೆಯಲ್ಲಿಯೂ ಆಯಾ ರೂಟರ್ ತನ್ನ ನಕ್ಷೆಯನ್ನು ನೋಡಿ ಮುಂದಿನ ಹೆಜ್ಜೆಯನ್ನಷ್ಟೇ ನಿರ್ಧರಿಸುತ್ತದೆ. ಐವರ ತೀರ್ಮಾನಗಳೂ ಒಂದಕ್ಕೊಂದು ಹೊಂದುವುದು ಐವರ ನಕ್ಷೆಯೂ ಒಂದೇ ಆಗಿರುವುದರಿಂದ ಮಾತ್ರ.

ಮೊದಲ ಪ್ರಯೋಗ: ಪ್ರಕಟಣೆಯನ್ನೇ ಬಿಸಾಡುವುದು. ಖ ರೂಟರ್ ಗ ಬರೆದ ಪ್ರಕಟಣೆಯನ್ನು ಎಸೆದುಬಿಟ್ಟಿತು ಎಂದು ಭಾವಿಸೋಣ. ಖ ಎಸೆದರೂ ಅದೇ ಪ್ರಕಟಣೆ ಘ, ಚ ಮೂಲಕ ಸುತ್ತಿ ಕ ರೂಟರಿಗೆ ತಲುಪಿರುತ್ತದೆ. ಹೀಗಾಗಿ ಕ ನಕ್ಷೆ ಪೂರ್ಣ. ಖ ನಕ್ಷೆ ಮಾತ್ರ ಅಪೂರ್ಣ. ಎರಡೂ ತುದಿಯವರು ಒಪ್ಪಿ ಹೇಳದ ಕೊಂಡಿಯನ್ನು ಲೆಕ್ಕಕ್ಕೆ ಹಿಡಿಯಬಾರದೆಂಬುದು ಓಎಸ್‌ಪಿಎಫ್ ನಿಯಮ. ಆದುದರಿಂದ ಖ ಪಾಲಿಗೆ ಪಕ್ಕದಲ್ಲಿಯೇ ಇರುವ ಗ ಕೂಡ ಇಲ್ಲದಂತಾಯಿತು. ಅದು ಲೆಕ್ಕ ಹಾಕಿದಾಗ ಗ್ರಂಥಾಲಯಕ್ಕೆ ದಾರಿ ಕ, ಚ, ಘ ಮೂಲಕ. ವೆಚ್ಚ 1 + 5 + 5, ಅಂದರೆ 11.

ಈಗ ಕ ರೂಟರಿಗೆ ಗ್ರಂಥಾಲಯದ ಪ್ಯಾಕೆಟ್ ಒಂದು ಬಂದಿತೆನ್ನೋಣ. ಕ ತನ್ನ ನಕ್ಷೆಯಂತೆ ಅದನ್ನು ಖ ಕಡೆಗೆ ಕಳುಹಿಸುತ್ತದೆ. ಖ ತನ್ನ ನಕ್ಷೆಯಂತೆ ಅದನ್ನು ಕ ಕಡೆಗೆ ಹಿಂದಿರುಗಿಸುತ್ತದೆ. ಕ ಮತ್ತೆ ಖ ಕಡೆಗೆ, ಖ ಮತ್ತೆ ಕ ಕಡೆಗೆ. ಇಬ್ಬರ ಲೆಕ್ಕವೂ ತಪ್ಪಿಲ್ಲ. ಇಬ್ಬರ ನಕ್ಷೆ ಬೇರೆಯಾಗಿದೆ, ಅಷ್ಟೇ. ಪ್ರತಿ ಪ್ಯಾಕೆಟ್ ಮೇಲೆಯೂ ಆಯುಷ್ಯದ ಸಂಖ್ಯೆಯೊಂದಿರುತ್ತದೆ. ಹಲವು ಗಣಕಗಳು ಅದನ್ನು 64 ಎಂದು ಆರಂಭಿಸುತ್ತವೆ. ಪ್ರತಿ ರೂಟರ್ ಅದರಲ್ಲಿ ಒಂದನ್ನು ಕಳೆಯುತ್ತದೆ. ಅದು ಸೊನ್ನೆಯಾದಾಗ ಪ್ಯಾಕೆಟ್ ಅಳಿಯುತ್ತದೆ. ಗ್ರಂಥಾಲಯಕ್ಕೆ ಎರಡು ದಾರಿಗಳು ಚೆನ್ನಾಗಿಯೇ ಇದ್ದರೂ ಅದು ತಲುಪಲಿಲ್ಲ.

ವಾಸ್ತವದಲ್ಲಿ ಓಎಸ್‌ಪಿಎಫ್ ಈ ಪ್ರಯೋಗಕ್ಕೆ ಆಸ್ಪದ ಕೊಡುವುದಿಲ್ಲ. ಪ್ರಕಟಣೆಯನ್ನು ಪಡೆದವರು ಸ್ವೀಕೃತಿಯನ್ನು ಕಳುಹಿಸಲೇಬೇಕು. ಸ್ವೀಕೃತಿ ಬಾರದಿದ್ದರೆ ನೆರೆಯವರು ಅದನ್ನೇ ಮತ್ತೆ ಮತ್ತೆ ಕಳುಹಿಸುತ್ತಾರೆ. ಒಂದೇ ವಲಯದಲ್ಲಿ ಒಬ್ಬರ ನಕ್ಷೆ ಇನ್ನೊಬ್ಬರದಕ್ಕಿಂತ ಭಿನ್ನವಾಗಿರಬಾರದೆಂಬ ನಿಯಮವನ್ನು ಅದರ ರಚನೆಯೇ ಕಾಯುತ್ತದೆ.

ಎರಡನೆಯ ಪ್ರಯೋಗ: ನಕ್ಷೆಯನ್ನು ಉಳಿಸಿ, ಪಟ್ಟಿಯಿಂದ ಮಾತ್ರ ತೆಗೆಯುವುದು. ಇದಕ್ಕೆ ಅವಕಾಶವಿದೆ. ಖ ರೂಟರ್ ಎಲ್ಲ ಪ್ರಕಟಣೆಗಳನ್ನೂ ಸ್ವೀಕರಿಸುತ್ತದೆ, ಮುಂದಕ್ಕೂ ದಾಟಿಸುತ್ತದೆ, ನಕ್ಷೆಯನ್ನೂ ಪೂರ್ತಿಯಾಗಿ ಬರೆಯುತ್ತದೆ. ಆದರೆ ಲೆಕ್ಕ ಮುಗಿದ ಮೇಲೆ ಗ್ರಂಥಾಲಯದ ದಾರಿಯನ್ನು ತನ್ನ ಮಾರ್ಗಪಟ್ಟಿಗೆ ಏರಿಸುವುದಿಲ್ಲ. ನಿರ್ವಾಹಕರು ಇಂತಹ ಸೋಸುವಿಕೆಯನ್ನು ಒಂದೇ ಸಾಲಿನ ಆದೇಶದಿಂದ ಮಾಡಬಹುದು. ಹೊಸದಾಗಿ ಕಲಿಯುವವರು ಇದರಿಂದ ಗ್ರಂಥಾಲಯದ ಪ್ರಕಟಣೆಯೇ ನಿಂತಿತೆಂದು ಭಾವಿಸುವುದು ಸಾಮಾನ್ಯ. ನಿಂತಿಲ್ಲ. ಕ ರೂಟರಿಗೆ ಅದು ತಲುಪಿದೆ. ಕ ಲೆಕ್ಕದಲ್ಲಿ ಖ ಮೂಲಕ ಹೋಗುವ ದಾರಿಯೇ ಉತ್ತಮ. ಕ ಪ್ಯಾಕೆಟ್ ಕಳುಹಿಸುತ್ತದೆ. ಖ ಪಟ್ಟಿಯಲ್ಲಿ ಆ ವಿಳಾಸವಿಲ್ಲ. ಪ್ಯಾಕೆಟ್ ಅಲ್ಲಿಯೇ ಅಳಿಯುತ್ತದೆ. ವೆಚ್ಚ 10ರ ಇನ್ನೊಂದು ದಾರಿ ತೆರೆದೇ ಇದ್ದರೂ ಕ ಅದನ್ನು ಬಳಸುವುದಿಲ್ಲ, ಏಕೆಂದರೆ ಖ ತನ್ನ ಪಟ್ಟಿಯಲ್ಲಿ ಏನನ್ನು ಬಿಟ್ಟಿದೆ ಎಂಬುದು ಕ ರೂಟರಿಗೆ ತಿಳಿಯುವ ಉಪಾಯವಿಲ್ಲ. ಇತರ ಎಲ್ಲ ವಿಳಾಸಗಳಿಗೂ ಎಂದು ಖ ಬಳಿ ಇರುವ ಡಿಫಾಲ್ಟ್ ಮಾರ್ಗವು ಒಂದು ವೇಳೆ ಕ ಕಡೆಗೇ ಇದ್ದರಂತೂ ಮೊದಲ ಪ್ರಯೋಗದ ಸುತ್ತಾಟವೇ ಮರುಕಳಿಸುತ್ತದೆ.

ಎರಡೂ ಪ್ರಯೋಗಗಳ ಸಾರ ಇಷ್ಟು. ಹಂಚಿಕೊಂಡ ಆಧಾರದ ಮೇಲೆ ಎಲ್ಲರೂ ಪ್ರತ್ಯೇಕವಾಗಿ ತೀರ್ಮಾನಿಸುವ ವ್ಯವಸ್ಥೆಯಲ್ಲಿ, ನಡುವೆ ಇರುವ ಒಬ್ಬರು ಗುಟ್ಟಾಗಿ ಏನನ್ನಾದರೂ ತೆಗೆದರೆ ಅದರ ನಷ್ಟವು ಅವರಿಗೆ ಮಾತ್ರವಲ್ಲ, ಅವರನ್ನು ನಂಬಿದ ಇತರರಿಗೂ ತಗಲುತ್ತದೆ.

ಸೋಸುವಿಕೆಗೆ ಸರಿಯಾದ ಸ್ಥಳ: ಗಡಿ

ಹಾಗಾದರೆ ದೊಡ್ಡ ಜಾಲಗಳಲ್ಲಿ ಏನು ಮಾಡುತ್ತಾರೆ? ಓಎಸ್‌ಪಿಎಫ್ ಜಾಲವನ್ನು ವಲಯಗಳಾಗಿ ವಿಂಗಡಿಸಲು ಅವಕಾಶ ಕೊಡುತ್ತದೆ. 0 ಎಂಬ ಸಂಖ್ಯೆಯ ವಲಯಕ್ಕೆ ಬೆನ್ನೆಲುಬು ವಲಯವೆಂದು ಹೆಸರು. ಉಳಿದ ವಲಯಗಳು ಅದಕ್ಕೆ ಹೊಂದಿಕೊಂಡಿರಬೇಕು. ಎರಡು ವಲಯಗಳಲ್ಲಿಯೂ ಕಾಲಿಟ್ಟು ನಿಂತಿರುವ ರೂಟರಿಗೆ ವಲಯಗಡಿ ರೂಟರ್ ಎನ್ನುತ್ತಾರೆ. ಅದರ ಬಳಿ ಎರಡು ನಕ್ಷೆಗಳಿರುತ್ತವೆ, ಪ್ರತಿ ವಲಯಕ್ಕೆ ಒಂದು.

ವಲಯದೊಳಗೆ ಸಂಚರಿಸುವುದು ವಿವರವಾದ ಪ್ರಕಟಣೆಗಳು. ಅವು ಗಡಿಯನ್ನು ದಾಟುವುದಿಲ್ಲ. ಗಡಿ ರೂಟರ್ ಒಂದು ವಲಯದ ನಕ್ಷೆಯನ್ನು ಓದಿ, ಇನ್ನೊಂದು ವಲಯಕ್ಕಾಗಿ ತನ್ನ ಹೆಸರಿನಲ್ಲಿ ಹೊಸದೊಂದು ಸಾರಾಂಶ ಪ್ರಕಟಣೆಯನ್ನು ಬರೆಯುತ್ತದೆ. ಅದರಲ್ಲಿ ರೂಟರ್‌ಗಳ, ಕೊಂಡಿಗಳ ವಿವರವಿರುವುದಿಲ್ಲ. “ಇಂಥ ವಿಳಾಸಗಳು ನನ್ನ ಮೂಲಕ, ಇಷ್ಟು ವೆಚ್ಚದಲ್ಲಿ ದೊರೆಯುತ್ತವೆ” ಎಂದಷ್ಟೇ ಇರುತ್ತದೆ. ಓಎಸ್‌ಪಿಎಫ್‌ನ ಭಾಷೆಯಲ್ಲಿ ಇದು 3ನೆಯ ಬಗೆಯ ಪ್ರಕಟಣೆ.

ಸೊಲ್ಲಾಪುರದ ಬಸ್ ನಿಲ್ದಾಣದಲ್ಲಿ ನಿಂತಿರುವ ಬಸ್ಸಿನ ಫಲಕದ ಮೇಲೆ ವಿಜಯಪುರ ಎಂದು ಬರೆದಿರುತ್ತದೆ. ವಿಜಯಪುರದ ಓಣಿಗಳ ಹೆಸರು ಅಲ್ಲಿರುವುದಿಲ್ಲ. ಸೊಲ್ಲಾಪುರದಲ್ಲಿ ಬಸ್ ಹತ್ತುವವರಿಗೆ ಅದು ಬೇಕಾಗಿಯೂ ಇಲ್ಲ. ವಿಜಯಪುರದಲ್ಲಿ ಇಳಿದ ಮೇಲೆ ಓಣಿಗಳನ್ನು ಬಲ್ಲವರು ದಾರಿ ತೋರಿಸುತ್ತಾರೆ. ಸಾರಾಂಶ ಪ್ರಕಟಣೆಯೂ ಇಂತಹ ಫಲಕವೇ.

ಓದುಗರು ಈಗ ಊಹಿಸಿರಬಹುದು: ವಲಯದೊಳಗೆ ಹಂಚುವುದು ಆಧಾರ, ಗಡಿಯಾಚೆಗೆ ಹೇಳುವುದು ತೀರ್ಮಾನ. ಅಂದರೆ ವಲಯಗಳ ನಡುವೆ ಓಎಸ್‌ಪಿಎಫ್ ಕೂಡ ದೂರಸದಿಶ ವಿಧಾನದಂತೆಯೇ ವರ್ತಿಸುತ್ತದೆ. ಆದುದರಿಂದಲೇ ಇಲ್ಲಿ ಸೋಸಲು ಸಾಧ್ಯ. ಗಡಿ ರೂಟರ್ ಒಂದು ಸಾರಾಂಶವನ್ನು ಬರೆಯದೆ ಬಿಟ್ಟರೆ, ಆಚೆಯ ವಲಯದ ಎಲ್ಲ ರೂಟರ್‌ಗಳಿಗೂ ಅದು ಸಮಾನವಾಗಿ ತಿಳಿಯದೆ ಉಳಿಯುತ್ತದೆ. ಒಬ್ಬರಿಗೆ ಗೊತ್ತು, ಇನ್ನೊಬ್ಬರಿಗೆ ಗೊತ್ತಿಲ್ಲ ಎಂಬ ಬಿರುಕು ಬೀಳುವುದಿಲ್ಲ. ಎಲ್ಲ ವಲಯಗಳೂ ಬೆನ್ನೆಲುಬಿಗೇ ಹೊಂದಿಕೊಂಡಿರಬೇಕೆಂಬ ಕಟ್ಟುಪಾಡಿನ ಕಾರಣವೂ ಇದೇ: ಕೇಳಿದ ಮಾತು ವಲಯದಿಂದ ವಲಯಕ್ಕೆ ಸುತ್ತಿ ಹೊರಟಲ್ಲಿಗೇ ಮರಳದಂತೆ ಅದು ತಡೆಯುತ್ತದೆ.

ಗಡಿಯಲ್ಲಿ ಸೋಸುವ ಮುಖ್ಯ ವಿಧಾನಗಳು ನಾಲ್ಕು.

1. ಒಟ್ಟುಗೂಡಿಸಿ ಹೇಳುವುದು: ವಲಯದೊಳಗೆ 10.20.0.0, 10.20.1.0, 10.20.2.0 ಎಂದು ಮುಂದುವರಿದು 10.20.255.0ರವರೆಗೆ 256 ಸಣ್ಣ ಜಾಲಗಳಿದ್ದರೆ, ಗಡಿಯಾಚೆಗೆ 256 ಸಾಲುಗಳನ್ನು ಹೇಳದೆ “10.20 ಎಂದು ಆರಂಭವಾಗುವುದೆಲ್ಲ ನನ್ನ ಕಡೆ” ಎಂಬ ಒಂದೇ ಸಾಲನ್ನು ಹೇಳಬಹುದು. ಅದೇ ಒಟ್ಟುಗೂಡಿಕೆಯನ್ನು ಹೇಳಲೇಬೇಡ ಎಂದೂ ಆದೇಶಿಸಬಹುದು.

2. ಪಟ್ಟಿಯಂತೆ ತಡೆಯುವುದು: ಯಾವ ವಿಳಾಸಗಳ ಸಾರಾಂಶ ಹೋಗಬೇಕು, ಯಾವುದು ಹೋಗಬಾರದು ಎಂಬ ಪಟ್ಟಿಯನ್ನು ಗಡಿ ರೂಟರಿಗೆ ಕೊಡುವುದು. ವಲಯದೊಳಗೆ ಬರುವ ಸಾರಾಂಶಗಳಿಗೆ ಒಂದು ಪಟ್ಟಿ, ವಲಯದಿಂದ ಹೊರಡುವವುಗಳಿಗೆ ಇನ್ನೊಂದು ಪಟ್ಟಿ ಇರಬಹುದು.

3. ಸ್ಟಬ್ ವಲಯ: ಹೊರಗಿನ ಲೋಕಕ್ಕೆ ಹೋಗಲು ಗಡಿಯ ಬಾಗಿಲನ್ನೇ ಅವಲಂಬಿಸಿರುವ ಕೊನೆಯ ವಲಯಕ್ಕೆ ಹೊರಲೋಕದ ಸಾವಿರ ದಾರಿಗಳ ವಿವರ ಏಕೆ? “ಉಳಿದುದೆಲ್ಲ ನನ್ನ ಮೂಲಕ” ಎಂಬ ಒಂದೇ ಡಿಫಾಲ್ಟ್ ಮಾರ್ಗವನ್ನು ಗಡಿ ರೂಟರ್ ಒಳಗೆ ಹೇಳುತ್ತದೆ. ಹೊರಗಿನ ಜಾಲಗಳ ಪ್ರಕಟಣೆಗಳು ಒಳಬರುವುದಿಲ್ಲ.

4. ಹೊರಗಡಿಯಲ್ಲಿ ತಡೆಯುವುದು: ಬೇರೆ ನಿಯಮಾವಳಿಯಿಂದ ಕಲಿತ ದಾರಿಗಳನ್ನು ಓಎಸ್‌ಪಿಎಫ್ ಜಾಲದೊಳಕ್ಕೆ ತರುವ ರೂಟರ್ ಇರುತ್ತದೆ. ಅಂತಹ ದಾರಿಗಳಿಗೆ ಪ್ರಕಟಣೆ ಬರೆಯುವ ಮೊದಲೇ ಅದು ಆಯ್ಕೆ ಮಾಡಬಹುದು. ಇನ್ನೂ ಬರೆಯದಿರುವುದನ್ನು ಬರೆಯದಿರುವುದರಿಂದ ಯಾರ ನಕ್ಷೆಯೂ ಭಿನ್ನವಾಗುವುದಿಲ್ಲ.

ಎರಡು ಎಚ್ಚರಿಕೆಗಳು

ಒಂದು ವಲಯಕ್ಕೆ ಎರಡು ಗಡಿ ರೂಟರ್‌ಗಳಿದ್ದು, ಒಂದರಲ್ಲಿ ಮಾತ್ರ ಪಟ್ಟಿಯನ್ನು ಹಾಕಿದರೆ ಸೋಸುವಿಕೆ ವ್ಯರ್ಥ. ತಡೆದ ದಾರಿ ಇನ್ನೊಂದು ಬಾಗಿಲಿನಿಂದ ಹೊರಗೆ ಬರುತ್ತದೆ. ಜರಡಿಯನ್ನು ಎಲ್ಲ ಬಾಗಿಲುಗಳಿಗೂ ಒಂದೇ ರೀತಿಯಲ್ಲಿ ಹಾಕಬೇಕು.

ಎರಡನೆಯದಾಗಿ, ದಾರಿಯನ್ನು ಹೇಳದಿರುವುದು ಬೇರೆ, ಬಾಗಿಲಿಗೆ ಬೀಗ ಹಾಕುವುದು ಬೇರೆ. ನಿರ್ದಿಷ್ಟ ದಾರಿ ಪಟ್ಟಿಯಲ್ಲಿಲ್ಲದಿದ್ದರೂ ಡಿಫಾಲ್ಟ್ ಮಾರ್ಗದ ಮೂಲಕ ಪ್ಯಾಕೆಟ್ ಅಲ್ಲಿಗೇ ತಲುಪಬಹುದು. ಮನೆಯ ವಿಳಾಸವನ್ನು ಫಲಕದಿಂದ ಅಳಿಸಿದ ಮಾತ್ರಕ್ಕೆ ಮನೆಗೆ ರಕ್ಷಣೆ ದೊರೆತಂತಾಗುವುದಿಲ್ಲ. ರಕ್ಷಣೆಗೆ ಫೈರ್‌ವಾಲ್ ಮುಂತಾದ ಬೇರೆ ವ್ಯವಸ್ಥೆಗಳಿವೆ. ಮಕ್ಕಳು ಇವೆರಡನ್ನೂ ಒಂದೇ ಎಂದು ತಿಳಿಯದಂತೆ ನೋಡಿಕೊಳ್ಳಬೇಕು.

ತರಗತಿ ಚಟುವಟಿಕೆ

ಅವಧಿ: 40 ನಿಮಿಷ. ಬೇಕಾಗುವ ಸಾಮಗ್ರಿ: ಕಾಗದದ ಚೀಟಿಗಳು, ಸೀಮೆಸುಣ್ಣ, ಪೆನ್ಸಿಲ್.

ಐವರು ವಿದ್ಯಾರ್ಥಿಗಳು ವೃತ್ತಾಕಾರವಾಗಿ ಕುಳಿತು ಕ, ಖ, ಗ, ಘ, ಚ ಆಗಲಿ. ಪ್ರತಿಯೊಬ್ಬರೂ ತಮ್ಮ ಎಡಬಲದ ನೆರೆಯವರ ಹೆಸರು ಮತ್ತು ಕೊಂಡಿಯ ವೆಚ್ಚವನ್ನು ಮಾತ್ರ ಚೀಟಿಯಲ್ಲಿ ಬರೆಯಲಿ; ಘ ಆದ ವಿದ್ಯಾರ್ಥಿ ಗ್ರಂಥಾಲಯ ತನ್ನ ಬಳಿ ಇದೆ ಎಂದೂ ಸೇರಿಸಲಿ. ಚೀಟಿಯನ್ನು ನಕಲು ಮಾಡಿಕೊಂಡು ಮುಂದಕ್ಕೆ ದಾಟಿಸುವುದು ನಿಯಮ, ತಿದ್ದುವಂತಿಲ್ಲ. ಎಲ್ಲರ ಬಳಿಯೂ ಐದು ಚೀಟಿಗಳು ಸೇರಿದಾಗ ಒಬ್ಬರನ್ನೊಬ್ಬರು ನೋಡದೆ ನಕ್ಷೆ ಬರೆಯಲಿ. ಐದು ನಕ್ಷೆಗಳನ್ನೂ ಹಲಗೆಯ ಬಳಿ ಹಿಡಿದು ಹೋಲಿಸಿದಾಗ ಅವು ಒಂದೇ ಆಗಿರುವುದನ್ನು ತರಗತಿಯೇ ಕಂಡುಕೊಳ್ಳುತ್ತದೆ.

ಬಳಿಕ ಒಂದು ಪುಸ್ತಕವನ್ನು ಪ್ಯಾಕೆಟ್ ಎಂದು ಕ ಕೈಗೆ ಕೊಟ್ಟು ಗ್ರಂಥಾಲಯಕ್ಕೆ ಕಳುಹಿಸಬೇಕು. ಎರಡನೆಯ ಸುತ್ತಿನಲ್ಲಿ ಖ ಬಳಿಯಿಂದ ಗ ಬರೆದ ಚೀಟಿಯನ್ನು ಶಿಕ್ಷಕರು ತೆಗೆದುಕೊಂಡು, ನಕ್ಷೆಯನ್ನು ಮತ್ತೆ ಬರೆಯಿಸಿ, ಪುಸ್ತಕವನ್ನು ಮತ್ತೆ ಕಳುಹಿಸಬೇಕು. ಪುಸ್ತಕ ಕ ಮತ್ತು ಖ ನಡುವೆ ಓಡಾಡತೊಡಗಿದಾಗ ಮಕ್ಕಳು ನಗುತ್ತಾರೆ, ಆಗ “ಇಬ್ಬರಲ್ಲಿ ಯಾರು ತಪ್ಪಿದರು?” ಎಂದು ಕೇಳಬೇಕು. ಉತ್ತರವನ್ನು ಅವಸರದಿಂದ ಹೇಳಿಕೊಡಬಾರದು. ಮೂರನೆಯ ಸುತ್ತಿನಲ್ಲಿ ತರಗತಿಯನ್ನು ಎರಡು ಗುಂಪುಗಳಾಗಿಸಿ, ನಡುವೆ ಒಬ್ಬ ವಿದ್ಯಾರ್ಥಿಯನ್ನು ಗಡಿ ರೂಟರ್ ಆಗಿ ನಿಲ್ಲಿಸಿ, ಆಚೆಯ ಗುಂಪಿಗೆ ಆ ವಿದ್ಯಾರ್ಥಿಯೇ ಸಾರಾಂಶದ ಚೀಟಿ ಬರೆಯುವಂತೆ ಮಾಡಬೇಕು. ಒಂದು ಹೆಸರನ್ನು ಬಿಟ್ಟು ಬರೆದಾಗ ಆಚೆಯ ಗುಂಪಿನವರೆಲ್ಲರ ನಕ್ಷೆಯೂ ಒಂದೇ ರೀತಿ ಇರುವುದನ್ನು ತೋರಿಸಬೇಕು.

ಪದಗಳ ಬಳಕೆಯ ಬಗ್ಗೆ

ನಮ್ಮ ವಿದ್ಯಾರ್ಥಿಗಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮಲಯಾಳ, ಮರಾಠಿ, ತೆಲುಗು ಅಥವಾ ತಮಿಳು, ಗಣಕದ ತೆರೆಯ ಮೇಲೆ ಇಂಗ್ಲಿಷ್ ಹೀಗೆ ಹಲವು ಭಾಷೆಗಳ ನಡುವೆ ಇದ್ದಾರೆ. ರೂಟರ್, ಪ್ಯಾಕೆಟ್, ಬಿಟ್ ಮುಂತಾದ, ಎಲ್ಲರ ಬಾಯಲ್ಲಿಯೂ ಇರುವ ಪದಗಳನ್ನು ಹಾಗೆಯೇ ಉಳಿಸಿಕೊಳ್ಳುವುದು ಒಳ್ಳೆಯದು. ಕೊಂಡಿ, ನಕ್ಷೆ, ವೆಚ್ಚ, ಪ್ರಕಟಣೆ, ಗಡಿ, ಸೋಸುವಿಕೆ ಎಂಬ ಕನ್ನಡ ಪದಗಳು ಅರ್ಥವನ್ನು ತಾವೇ ಹೊತ್ತಿರುವುದರಿಂದ ಅವುಗಳನ್ನು ಧೈರ್ಯವಾಗಿ ಬಳಸಬಹುದು. ಸೋಸುವುದೆಂದರೇನೆಂದು ಅಡುಗೆಮನೆಯನ್ನು ಕಂಡ ಯಾವ ಮಗುವಿಗೂ ವಿವರಿಸಬೇಕಾಗಿಲ್ಲ. ಮುಂದಿನ ತರಗತಿಗಳಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ ಹೋದಾಗ ಕಲ್ಪನೆ ಗಟ್ಟಿಯಾಗಿರುವ ಮಗುವಿಗೆ ಅಲ್ಲಿಯ ಪದ ಹೊಸ ಹೆಸರು ಮಾತ್ರ. ಕಲ್ಪನೆಯಿಲ್ಲದೆ ಪದವನ್ನು ಕಂಠಪಾಠ ಮಾಡಿದ ಮಗುವಿಗೆ ಯಾವ ಮಾಧ್ಯಮದಲ್ಲಿಯೂ ಅದು ಭಾರವೇ.

ಮೌಲ್ಯಮಾಪನಕ್ಕೆ ಪ್ರಶ್ನೆಗಳು

1. ದೂರಸದಿಶ ವಿಧಾನದಲ್ಲಿ ನೆರೆಯವರಿಗೆ ಹೇಳುವುದಕ್ಕೂ ಕೊಂಡಿಸ್ಥಿತಿ ವಿಧಾನದಲ್ಲಿ ಹೇಳುವುದಕ್ಕೂ ಇರುವ ವ್ಯತ್ಯಾಸವೇನು?

2. ಐದು ರೂಟರ್‌ಗಳ ಉದಾಹರಣೆಯಲ್ಲಿ ಖ–ಗ ಕೊಂಡಿ ನಿಜವಾಗಿಯೂ ಕಡಿದು, ಎಲ್ಲರಿಗೂ ಅದು ತಿಳಿದಿದೆ ಎಂದಿಟ್ಟುಕೊಳ್ಳಿ. ಖ ರೂಟರಿನಿಂದ ಗ್ರಂಥಾಲಯಕ್ಕೆ ದಾರಿಯ ವೆಚ್ಚವೆಷ್ಟು? ಆಗ ಪ್ಯಾಕೆಟ್ ಸುತ್ತಾಡುತ್ತದೆಯೇ?

3. ಗಡಿ ರೂಟರ್ ಒಂದು ದಾರಿಯನ್ನು ತಡೆದರೆ ಆಗದ ಅನಾಹುತವು ವಲಯದ ನಡುವಿನ ರೂಟರ್ ತಡೆದರೆ ಏಕೆ ಆಗುತ್ತದೆ?

ಎರಡನೆಯ ಪ್ರಶ್ನೆಗೆ ಶಿಕ್ಷಕರು ವಿಶೇಷ ಗಮನ ಕೊಡಬೇಕು. ಉತ್ತರ 11, ಅಂದರೆ ಮೊದಲ ಪ್ರಯೋಗದಲ್ಲಿ ಖ ಹಾಕಿದ ಲೆಕ್ಕವೇ. ಆದರೆ ಈಗ ಪ್ಯಾಕೆಟ್ ಸುತ್ತಾಡದೆ ಕ, ಚ, ಘ ಮೂಲಕ ಗ್ರಂಥಾಲಯವನ್ನು ಸೇರುತ್ತದೆ, ಏಕೆಂದರೆ ಕೊಂಡಿ ಕಡಿದ ಸಂಗತಿ ಕ ರೂಟರಿಗೂ ತಿಳಿದಿದೆ. ಕೊಂಡಿ ಕಡಿದಾಗ ತಲುಪಿದ ಪ್ಯಾಕೆಟ್, ಕೊಂಡಿ ಇದ್ದೂ ಅದರ ಸುದ್ದಿಯನ್ನು ಒಬ್ಬರಿಂದ ಮರೆಸಿದಾಗ ತಲುಪಲಿಲ್ಲ. ಈ ವ್ಯತ್ಯಾಸವನ್ನು ತನ್ನ ಮಾತಿನಲ್ಲಿ ಹೇಳಬಲ್ಲ ವಿದ್ಯಾರ್ಥಿಗೆ ಪಾಠ ತಲುಪಿದೆ ಎಂದು ತಿಳಿಯಬಹುದು.